ಈರಸಂಗನ ಬೆರಳು

ಈರಸಂಗನ ಬಲಗೈಯ ತೋರುಬೆರಳಿಗೆ ಒಂದು ಚಾಳಿ ಇತ್ತು. ಊಟಕ್ಕೆ ಕೂತಾಗಲೂ ಅದು ಸುಮ್ಮನಿರುತ್ತಿರಲಿಲ್ಲ. ಎದುರಿಗಿದ್ದವರು ಮಾತು ಶುರುಮಾಡಿದರೆ ಮೆಲ್ಲಗೆ ಏಳುತ್ತಿತ್ತು. ಸಾಕು ಅನ್ನಿಸಿದಾಗ ಇಳಿಯುತ್ತಿತ್ತು.

ಅವನು ನಾಟಕ ಕಂಪನಿಯೊಂದರ ಮಾಸ್ತರ, ಆಟ ನಡೆಯುವಾಗ ಪರದೆಯ ಮರೆಯಲ್ಲಿ ನಿಲ್ಲುತ್ತಿದ್ದ. ಬೆರಳು ಎದ್ದರೆ ನಾಯಕಿ ಅಳುತ್ತಿದ್ದಳು, ಇಳಿದರೆ ನಿಲ್ಲಿಸುತ್ತಿದ್ದಳು. ಕಂಪನಿಯವರು 'ಸಣ್ಣ ಮಾಲಕರು' ಎಂದು ಹೆಸರಿಟ್ಟಿದ್ದರು. ಬೆರಳಿಗೆ, ಅವನಿಗಲ್ಲ.

ದೊಡ್ಡ ಮಾಲಕರು ತುಳಜವ್ವ. ಕಂಪನಿ ಕಟ್ಟಿದವಳೂ ಅವಳೇ, ಈರಸಂಗನಿಗೆ ನಾಟಕ ಕಲಿಸಿದ ಗುರುವೂ ಅವಳೇ. ಆಟ ಶುರುವಾದ ಮೇಲೆ ಮಾತ್ರ ರಂಗಕ್ಕೆ ಬೆನ್ನು ಹಾಕಿ ಕೂತು ಅಡಿಕೆ ಕತ್ತರಿಸುತ್ತಿದ್ದಳು.

ಆ ವರ್ಷ ಮಲಪ್ರಭೆಯ ದಂಡೆಯಲ್ಲಿ ಟೆಂಟ್ ಹಾಕಿದ್ದರು. ತುಳಜವ್ವನ ಕಣ್ಣು ಮಂಜಾಗಿತ್ತು. ಮುಂದೆ ಕಂಪನಿ ಯಾರ ಕೈಗೆ ಎಂದು ಎಲ್ಲರೂ ಪಿಸುಗುಡುತ್ತಿದ್ದರು. ಈರಸಂಗ ನೇರವಾಗಿ ಹೋಗಿ ಕೇಳಿಯೇಬಿಟ್ಟ. ಆಟ ಕಳೆಗಟ್ಟುವುದು ತನ್ನಿಂದ, ತಾನು ಅತ್ತ ತಿರುಗಿದರೆ ಸಾಕು, ಎಲ್ಲರೂ ತಪ್ಪುತ್ತಾರೆ ಎಂದ.

"ನನ್ನ ಬಿಟ್ಟು ಈ ಕಂಪನಿ ನಡಸವ್ರು ಯಾರದಾರ, ಅವ್ವಾ?"

ತುಳಜವ್ವ ಅಡಕತ್ತರಿ ಕೆಳಗಿಟ್ಟಳು.

"ನಾಳೆ ಆಟದಾಗ ಹೆಣ ಆಗು."

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಹೆಣದ ಪಾತ್ರ ಅಡುಗೆಯವನಿಗೋ ಗೇಟು ಕಾಯುವವನಿಗೋ ಹೋಗುವುದು ರೂಢಿ. ಆದರೂ ಗುರುವಿನ ಮಾತು. ಒಪ್ಪಿದ.

ಮರುದಿನ ಬಣ್ಣದ ಕೋಣೆಯಲ್ಲಿ ನಾಯಕಿ ಚಂದ್ರಪ್ರಭಾ ಅವನನ್ನು ನೋಡಿ ನಕ್ಕಳು.

"ಇವತ್ತರ ಸುಮ್ನ ಇರ್ತೀರೇನ್ರಿ, ಮಾಸ್ತರ?"

ಮಧ್ಯಾಹ್ನದ ಆಟ. ಅವನನ್ನು ಚಟ್ಟದ ಮೇಲೆ ಮಲಗಿಸಿ ತೆಳುವಾದ ಬಿಳಿ ಬಟ್ಟೆ ಹೊದಿಸಿದರು. ಗಂಡ ಸತ್ತ ಸುದ್ದಿ ಕೇಳಿ ಚಂದ್ರಪ್ರಭಾ ಓಡಿ ಬಂದಳು.

ಬಂದವಳು ಅಳಲಿಲ್ಲ.

ಬಟ್ಟೆಯೊಳಗಿಂದ ಈರಸಂಗನಿಗೆ ಕಾಣುತ್ತಿತ್ತು. ಅವಳು ಹೆಣವನ್ನು ನೋಡುತ್ತಿರಲಿಲ್ಲ. ಪರದೆಯ ಮರೆಯ ಕಡೆ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಅತ್ತೆಯ ಪಾತ್ರದವಳೂ ಅಲ್ಲೇ ನೋಡುತ್ತಿದ್ದಳು. ಹಾರ್ಮೋನಿಯಂ ಪೇಟಿ ಬಾರಿಸುವವನು ಒಂದೇ ಸ್ವರ ಹಿಡಿದು ಕಾಯುತ್ತಿದ್ದ. ಜನ ಕೆಮ್ಮತೊಡಗಿದರು.

ಆಮೇಲೆ ಏನಾಯಿತೋ ಅವನಿಗೇ ತಿಳಿಯಲಿಲ್ಲ. ಬಟ್ಟೆಯ ಕೆಳಗೆ ಬೆರಳು ಎದ್ದಿತು.

ಚಂದ್ರಪ್ರಭಾ ಹೋ ಎಂದು ಅತ್ತಳು. ಎಲ್ಲರೂ ಅತ್ತರು.

"ಹೆಣ ಹೇಳಿದ ಮ್ಯಾಲೆ ಅಳಾಕತ್ತಾರಲ್ಲೋ," ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಇಡೀ ಟೆಂಟು ನಕ್ಕಿತು. ಪರದೆ ಇಳಿಸಿದರು.

ಈರಸಂಗ ಬಟ್ಟೆ ಕಿತ್ತೆಸೆದು ಎದ್ದು ಕೂತ. ಸುತ್ತ ನಿಂತವರು ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಇನ್ನೂ ಬೆರಳಿನ ಮೇಲೇ ಇತ್ತು.

"ಮುಂದೇನ್ರಿ, ಮಾಸ್ತರ?" ಎಂದು ಚಂದ್ರಪ್ರಭಾ ಕೇಳಿದಳು.

ಹೊತ್ತು ಇಳಿಯುವಾಗ ಅವನು ಹೊಳೆಯ ದಂಡೆಗೆ ಬಂದ. ಆ ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ತುಳಜವ್ವ ಮರಳಿನ ಮೇಲೆ ಕೂತಿದ್ದಳು. ಕಂಪನಿಯವರು ನಟಿಸುತ್ತಿದ್ದಾರೆ ಅಂದುಕೊಂಡಿದ್ದೆ, ಅವರು ಬರೀ ನನ್ನ ಬೆರಳಿಗೆ ಕಾಯುತ್ತಿದ್ದರು ಎಂದ. ರಂಗಕ್ಕೆ ಬೆನ್ನು ಹಾಕಿ ಕೂರುತ್ತಿದ್ದ ಅವಳಿಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಿದ.

"ಎಲ್ಲಾರ ದನಿಯೊಳಗೂ ನೀನ ಅಳತಿದ್ದಿ."

"ಹಂಗಾದ್ರ ಕಂಪನಿ ನಡಸೂದು ಹೆಂಗ, ಅವ್ವಾ?"

ಅವಳು ಮರಳಿನ ಮೇಲೆ ಅಂಗಾತ ಮಲಗಿದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ನಾ ಸತ್ತೇನಿ. ಅಳು."

ಈರಸಂಗ ಮೊಣಕಾಲೂರಿ ಕೂತ. ಸೆರಗಿನ ಕೆಳಗೆ ಉಸಿರು ಆಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಅವ್ವಾ ಎಂದು ಕರೆದ. ಅವಳು ಓಗೊಡಲಿಲ್ಲ. ಅಳಲು ಬಾಯಿ ತೆರೆದ, ಅಳು ಬರಲಿಲ್ಲ.

ಆಗ ತನ್ನ ಕಣ್ಣು ಎಲ್ಲಿದೆ ಎಂದು ಅವನಿಗೆ ಗೊತ್ತಾಯಿತು. ಅದು ಮರಳಿನ ಮೇಲೆ ಚಾಚಿದ್ದ ಅವಳ ಬಲಗೈಯನ್ನೇ ನೋಡುತ್ತಿತ್ತು.

ಅವಳ ಬೆರಳು ಅಲುಗಲಿಲ್ಲ.

ಸೆರಗಿನೊಳಗಿಂದ ತುಳಜವ್ವ ಅಂದಳು:

"ಬೆರಳ ತೋರಸಬ್ಯಾಡ, ಅತ್ತು ತೋರಸಪಾ, ಈರಸಂಗಾ."