ಸಾಹೇಬರ ಕೋಣೆಯ ಕಿಟಕಿ

ಜಗತ್ತಿನ ಬಿಸಿ ಇಳಿಸುವ ಸಮ್ಮೇಳನಕ್ಕೆ ವಿದೇಶಕ್ಕೆ ಹೋಗಿದ್ದ ನಿರ್ದೇಶಕ ಸಾಹೇಬರು, ದೇಶದ ಪರವಾಗಿ ದಪ್ಪನೆಯ ಒಪ್ಪಂದವೊಂದಕ್ಕೆ ಸಹಿ ಹಾಕಿ ಬಂದರು. ಬಂದವರೇ ಅದನ್ನು ಗುಮಾಸ್ತೆ ನೀಲಮ್ಮನ ಮೇಜಿನ ಮೇಲೆ ದೊಪ್ಪನೆ ಹಾಕಿದರು.

“ಬರೋ ತಿಂಗಳು ಸಮ್ಮೇಳನದ ವಿದೇಶದವರು ನೋಡೋಕೆ ಬರ್ತಾರೆ. ಅಷ್ಟರೊಳಗೆ ಇದು ಜಾರಿಗೆ ಬಂದಿರಬೇಕು. ಇಲ್ಲದಿದ್ದರೆ ನಿಮಗೆ ವರ್ಗ!”

ಇನ್ನೂರು ಪುಟ. ನೀಲಮ್ಮ ಮೂರು ದಿನ ಕೂತು ಓದಿದಳು. ಆಮೇಲೆ ನಾಲ್ಕೇ ಸಾಲಿನ ಆದೇಶ ಬರೆದಳು. ಸಾಹೇಬರ ಅಭ್ಯಾಸ ಅವಳಿಗೆ ಗೊತ್ತಿತ್ತು. ಸಂಜೆ ಮನೆಗೆ ಹೊರಡುವ ಅವಸರದಲ್ಲಿ, ಪೆನ್ಸಿಲ್ ಗುರುತಿದ್ದ ಕಡೆಯೆಲ್ಲ ಓದದೆ ಸಹಿ ಎಳೆದುಬಿಡುತ್ತಿದ್ದರು. ರಜೆ ಚೀಟಿಗಳ ನಡುವೆ ಆ ಆದೇಶಕ್ಕೂ ಸಹಿ ಬಿತ್ತು.

ಮರುದಿನ ಸಾಹೇಬರ ಕೋಣೆಯಲ್ಲಿ ಎಸಿ ಇಲ್ಲ, ದೀಪವಿಲ್ಲ. ಪರದೆ ಸರಿದು ಕಿಟಕಿ ತೆರೆದಿತ್ತು. ಕೋಟಿನೊಳಗೆ ಬೆವೆತ ಸಾಹೇಬರು ಗುಡುಗಿದರು.

“ಯಾರ ಅಪ್ಪಣೆ ಇದು?”

“ತಮ್ಮದೇ ಸಾರ್,” ಎಂದು ನೀಲಮ್ಮ ಆದೇಶ ಮುಂದಿಟ್ಟಳು. “ಹಗಲು ಹೊತ್ತು ಎಸಿ, ದೀಪ ಬಂದ್. ಮೊದಲು ಮುಖ್ಯಸ್ಥರ ಕೋಣೆ, ಆಮೇಲೆ ಉಳಿದವು.”

ಸ್ವಂತ ಸಹಿಯನ್ನು ಅಲ್ಲಗಳೆಯುವುದು ಹೇಗೆ? ಸಾಹೇಬರು ಗೊಣಗುತ್ತಲೇ ಕೋಟು ಕಳಚಿದರು. ಕಿಟಕಿಯಾಚೆಯ ಹೊಂಗೆ ಮರದಿಂದ ತಣ್ಣನೆ ಗಾಳಿ ಬಂತು.

ವಿದೇಶದವರು ಬಂದಾಗ ಬೇರೆ ಕಚೇರಿಗಳು ಕಡತ ತೋರಿಸಿದವು. ನಮ್ಮ ಸಾಹೇಬರು ಕಿಟಕಿ ತೋರಿಸಿದರು, ಅರ್ಧಕ್ಕಿಳಿದ ಕರೆಂಟ್ ಬಿಲ್ಲು ತೋರಿಸಿದರು. ಬಂದವರು ಕೈಕುಲುಕಿ ಹೊಗಳಿ ಹೋದರು.

ಸಾಹೇಬರು ನೇರವಾಗಿ ನೀಲಮ್ಮನ ಮೇಜಿಗೆ ಬಂದು ಕೈಮುಗಿದರು. “ನಿಮ್ಮ ಉಪಕಾರ ಮರೆಯೋದಿಲ್ಲ. ಅವತ್ತು ಓದಿದ್ದರೆ ನಾನು ಸಹಿ ಹಾಕ್ತಾನೇ ಇರಲಿಲ್ಲ.”

“ಯಾವುದಕ್ಕೆ ಸಾರ್? ನನ್ನ ಆದೇಶಕ್ಕೋ, ಆ ಒಪ್ಪಂದಕ್ಕೋ?”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ಎರಡಕ್ಕೂ ಕಣಮ್ಮ!”