ಅಧ್ಯಕ್ಷರ ಫೋಟೋ ಇದ್ದ ಗೋಡೆ

ನನ್ನ ಹಳೆಯ ಡೈರಿಯಲ್ಲಿ ೧೯೮೩ರ ಮೇ ೧೧ರಂದು ಹೀಗಿದೆ: ವಾಚನಾಲಯಕ್ಕೆ ಎಣ್ಣೆಬಣ್ಣದ ಡಬ್ಬಿಗಳು ಬಂದವು.

ತರಿಸಿದವರು ಹೊಸ ಅಧ್ಯಕ್ಷ ಮಲ್ಲೇಶಪ್ಪನವರು. ಕೆರೆದಂಡೆಯ ಆ ಕಟ್ಟಡದ ಸುಣ್ಣದ ಗೋಡೆಗಳು ನೆಲದ ತೇವ ಹೀರಿ ಗಾಳಿಗೆ ಬಿಡುತ್ತಿದ್ದವು. ಎಣ್ಣೆಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ಖಂಡಿತ. ಹಿಂದಿನ ಅಧ್ಯಕ್ಷರಿಗೂ ಇದನ್ನೇ ಹೇಳಿ ಹೇಳಿ ಗುಮಾಸ್ತೆ ಸುಮಿತ್ರಾಬಾಯಿ ಬೇಸತ್ತಿದ್ದರು.

"ಗೋಡಿ ಕನ್ನಡಿ ಹಂಗ ಹೊಳೀಬೇಕ್ರೀ ಬಾಯಾರ. ಎದುರು ಮಾತು ಬ್ಯಾಡ," ಎಂದರು ಅಧ್ಯಕ್ಷರು.

"ಆಗಲ್ರೀ ಸಾಹೇಬ್ರ. ಆದ್ರ ಮೊದಲ ಮಾನ ನಿಮ್ಮ ಫೋಟೋ ತೂಗಿರೋ ಗೋಡಿಗೆ ಸಲ್ಲಬೇಕು. ಉಳಿದದ್ದು ಮಳಿಗಾಲ ಮುಗಿದ ಮ್ಯಾಲೆ."

ಅಧ್ಯಕ್ಷರು ಹಿಗ್ಗಿದರು. ಪುಸ್ತಕದ ಕಪಾಟಿಲ್ಲದ ಗೋಡೆ ಅದೊಂದೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಮಳೆ ಹಿಡಿಯಿತು. ಬಣ್ಣ ಹಪ್ಪಳದಂತೆ ಉಬ್ಬಿತು. ತೇವ ಚೌಕಟ್ಟಿನೊಳಗೆ ಹೊಕ್ಕು ಫೋಟೋದ ಗದ್ದದ ಮೇಲೆ ಬಿಳಿ ಬೂಷ್ಟು ಬೆಳೆಯಿತು. ಪೇಪರು ಓದಲು ಬಂದವರೆಲ್ಲ, "ಸಾಹೇಬ್ರು ಗಡ್ಡ ಯಾವಾಗ ಬಿಟ್ರು?" ಎನ್ನತೊಡಗಿದರು.

ಸುದ್ದಿ ಕೇಳಿ ಅಧ್ಯಕ್ಷರು ಓಡಿ ಬಂದರು. "ಇದೇನ್ರೀ ಬಾಯಾರ, ನನ್ನ ಮಾರಿ!"

"ಗೋಡಿಗೆ ಉಸಿರು ಕಟ್ಟೈತ್ರಿ. ಉಳಿದ ಗೋಡಿಗೆ ಯಾವಾಗ ಹಚ್ಚಿಸೋಣ್ರಿ?"

"ಕೆರೆದು ಒಗೀರಿ ಅದನ್ನ! ಎಲ್ಲಾದಕ್ಕೂ ಸುಣ್ಣಾನ ಬಳಿಸ್ರಿ!"

ಪುಸ್ತಕ ಒಂದೂ ಕೆಡಲಿಲ್ಲ. ಸುಣ್ಣ ಬಳಿಯುವ ಆಳು ಮಾತ್ರ ಸಿಗಲಿಲ್ಲ. ಕೊನೆಗೆ ಆದ ಖರ್ಚು ಇಷ್ಟು: ಬಣ್ಣ ಒಂದು ಡಬ್ಬಿ, ಫೋಟೋ ಒಂದು, ಸುಣ್ಣ ಅರ್ಧ ಚೀಲ, ಸುಮಿತ್ರಾಬಾಯಿಯವರ ಎರಡು ಭಾನುವಾರ.