ಬೆರಳು ತಾಳುವಷ್ಟು ಬಿಸಿ

ಶಿಷ್ಯ ಬಸಲಿಂಗ ಕೇಳಿದ: “ಗುರುಗಳೇ, ನನ್ನ ತಮ್ಮ ಕೆಲಸಗಳ್ಳ. ನಾನು ಹೇಳುವುದೆಲ್ಲ ಅವನ ಒಳ್ಳೆಯದಕ್ಕೇ. ನಿನ್ನೆ ಸ್ವಲ್ಪ ಬಿರುಸಾಗಿ ಹೇಳಿದೆ. ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋದವನು ಇನ್ನೂ ಮನೆಗೆ ಬಂದಿಲ್ಲ. ಬಂದಮೇಲೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕೇ?”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮಿಠಾಯಿಗಾರನಿದ್ದ. ಪುರಿಯುಂಡೆಗೆ ಹೆಸರಾದವನು. ಅವನ ಒಲೆಯನ್ನು ನಂಬಿ ಹತ್ತು ಮನೆಗಳು ಉಣ್ಣುತ್ತಿದ್ದವು. ಹುಟ್ಟಿದಾಗಿನಿಂದ ಬೆಲ್ಲದ ಪಾಕ ನೋಡಿ ಬೆಳೆದ ಮನುಷ್ಯ. ಪಾಕ ಬರಲಿಲ್ಲವೆಂದರೆ ಒಲೆಗೆ ಇನ್ನೊಂದು ಕಟ್ಟಿಗೆ ನೂಕುವುದು, ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಒಂದು ವರ್ಷ ಕಬ್ಬಿಗೆ ರೋಗ ಬಿತ್ತು. ಆಲೆಮನೆಗಳು ತಣ್ಣಗಾದವು. ಬೆಲ್ಲ ಸಿಗಲಿಲ್ಲ. ಮದುವೆಮನೆಯೊಂದಕ್ಕೆ ಅವನು ಸಾವಿರ ಉಂಡೆ ಒಪ್ಪಿಕೊಂಡಾಗಿತ್ತು. ಮಾತು ತಪ್ಪಿದರೆ ಇನ್ನು ಯಾರೂ ತನ್ನ ಬಾಗಿಲಿಗೆ ಬರುವುದಿಲ್ಲ, ಒಲೆ ಆರಿಹೋಗುತ್ತದೆ ಎಂದು ಅವನಿಗೆ ಭಯವಾಯಿತು.

ಹೊಳೆಯಾಚೆ ಒಬ್ಬ ಮುದುಕಿ ಬರಿಯ ಅಕ್ಕಿಯಿಂದ ಪಾಕ ತೆಗೆಯುತ್ತಾಳೆಂದು ಕೇಳಿ ಓಡಿದ. ಅವಳು ಬಚ್ಚಿಡದೆ ಹೇಳಿಕೊಟ್ಟಳು. ಅನ್ನವನ್ನು ಮೆತ್ತಗೆ ಬೇಯಿಸಿ, ನೀರು ಬೆರೆಸಿ, ಬೆರಳು ತಾಳುವಷ್ಟು ಆರಿಸಬೇಕು. ಮೊಳಕೆ ಬರಿಸಿದ ಬತ್ತವನ್ನು ಕುಟ್ಟಿ ಅದರಲ್ಲಿ ಕಲೆಸಬೇಕು. ಗಡಿಗೆಗೆ ಕಂಬಳಿ ಸುತ್ತಿ ಅರ್ಧ ದಿನ ಬಿಡಬೇಕು. ಅನ್ನ ಕರಗಿ ಸಿಹಿನೀರಾಗುತ್ತದೆ. ಅದನ್ನು ಸೋಸಿದ ಮೇಲೆಯೇ ಒಲೆಗೇರಿಸಿ ಪಾಕ ಮಾಡಬೇಕು.

ಬೆರಳಿನ ಮಾತು ಮಿಠಾಯಿಗಾರನಿಗೆ ಮುದುಕಿಯ ಶಾಸ್ತ್ರವೆಂದು ತೋರಿತು. ಕುದಿಯುವ ಅನ್ನಕ್ಕೇ ಮೊಳಕೆ ಸುರಿದ. ಸಿಹಿಯಾಗಲಿಲ್ಲ. ಉರಿ ಹೆಚ್ಚಿಸಿದ. ಗಂಜಿಯಾಯಿತು. ಇನ್ನೊಂದು ಗಡಿಗೆಯಿಟ್ಟು ಇಮ್ಮಡಿ ಮೊಳಕೆ, ಇಮ್ಮಡಿ ಉರಿ ಕೊಟ್ಟ. ತಳ ಹಿಡಿಯಿತು. ಮದುವೆಗೆ ಎರಡೇ ದಿನ ಉಳಿದವು.

ಮುದುಕಿಯನ್ನು ಒಲೆಯ ಬಳಿಗೇ ಕರೆತಂದು ಸಿಡುಕಿದ: “ಅಜ್ಜೀ, ನೀನು ಏನೋ ಮುಚ್ಚಿಟ್ಟಿದ್ದೀಯ. ಉರಿಯಲ್ಲಿ ನಾನು ಏನೂ ಕಡಿಮೆ ಮಾಡಿಲ್ಲ.”

ಮುದುಕಿ ಅವನ ಕೈ ಹಿಡಿದು ಕುದಿಯುವ ಗಡಿಗೆಯತ್ತ ಒಯ್ದಳು. ಅವನು ಬೆಚ್ಚಿ ಕೈ ಕಿತ್ತುಕೊಂಡ.

“ಒಲೆಯ ಮುಂದೆ ಬೆಳೆದ ನಿನಗೇ ಆಗದು ಮಗಾ. ಮೊಳಕೆ ಮೊನ್ನೆ ಕಣ್ಣು ಬಿಟ್ಟದ್ದು. ಅದು ಸತ್ತಮೇಲೆ ಅನ್ನವನ್ನು ಸಿಹಿ ಮಾಡುವವರು ಯಾರು?”

ಮೂರನೆಯ ಬಾರಿ ಅವನು ಕಾದ. ಬೆರಳು ಅದ್ದಿದ, ತೆಗೆದ. ಮತ್ತೆ ಅದ್ದಿದ. ಬೆರಳು ನೆಮ್ಮದಿಯಾಗಿ ನಿಂತಾಗ ಮೊಳಕೆ ಕಲೆಸಿ, ತನ್ನ ಕಂಬಳಿಯನ್ನೇ ಹೊದಿಸಿ, ಗಡಿಗೆಗೆ ಬೆನ್ನು ಕೊಟ್ಟು ಕೂತ. ಬೆನ್ನು ಬೆಚ್ಚಗಾಗಿ ಜೊಂಪು ಹತ್ತಿತು. ಕನಸಿನಲ್ಲಿ ಅವನು ಮಗುವಾಗಿ ತಾಯಿಯ ಬೆನ್ನ ಮೇಲೆ ಹೊಳೆ ದಾಟುತ್ತಿದ್ದ. ಹೊಳೆಯ ತುಂಬ ಬೆಳ್ಳಗಿನ ಅನ್ನ. ತಾಯಿ ಹೆಜ್ಜೆಯಿಟ್ಟಲ್ಲೆಲ್ಲ ಅಗುಳು ಸದ್ದಿಲ್ಲದೆ ಕರಗಿ ತಿಳಿನೀರಾಗುತ್ತಿತ್ತು. ಬೇಗ ನಡೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಕಂಬಳಿ ಸರಿಸಿ, ಬೆರಳು ಅದ್ದಿ ನಾಲಿಗೆಗಿಟ್ಟ. ಸಿಹಿ. ಒಂದು ಚೂರು ಬೆಲ್ಲವೂ ಅದಕ್ಕೆ ಬಿದ್ದಿರಲಿಲ್ಲ. ಅವನಿಗೆ ಅಳು ಬಂತು. ಸೋಸಿ, ಆಮೇಲೆ ಒಲೆ ಹೊತ್ತಿಸಿದ. ಮದುವೆಮನೆಗೆ ಉಂಡೆ ಹೋಯಿತು.

ಕತೆ ಮುಗಿಯಿತು. ಬಸಲಿಂಗ, “ಹಾಗಾದರೆ ತಮ್ಮ ಬಂದಮೇಲೆ ಏನು ಹೇಳಲಿ?” ಎಂದ.

ಗುರುಗಳೆಂದರು: “ನಿನ್ನೆ ಅವನಿಗೆ ಏನಂದೆ, ಹೇಳು; ಅದನ್ನೇ ಈಗ ನಾನು ನಿನಗೆ ಅನ್ನುತ್ತೇನೆ. ತಾಳುತ್ತೀಯೋ ನೋಡು.”